ಸುಳ್ಳಿಗೊಂದು ಮುದ್ದೆಕೋಲು

"ಇವತ್ತಿಂದ ಈ ಮನೇಲಿ ಯಾರೂ ಸುಳ್ಳು ಹೇಳಂಗಿಲ್ಲ! ಹೇಳಿದೋರು ಆ ಹೊತ್ತಿನ ಮುದ್ದೆ ತಿರುವಬೇಕು!"

ಭಾನುವಾರ ಬೆಳಿಗ್ಗೆ ಹಾಸನದ ಬಾಡಿಗೆ ಮನೆಯ ಹಾಲಿನಲ್ಲಿ ನಿಂತು ಗುಮಾಸ್ತ ದಿಲೀಪ ಈ ರಾಜಾಜ್ಞೆ ಹೊರಡಿಸಿದ. ಕಾರಣವಿತ್ತು. ಮೂರನೇ ಕ್ಲಾಸಿನ ಮಗಳು ನಿಸರ್ಗ ಶುಕ್ರವಾರ ಹೋಂವರ್ಕ್ ಮಾಡದೆ ಹೋಗಿ, "ಅಜ್ಜಿ ಆಸ್ಪತ್ರೆಲವ್ರೆ ಮಿಸ್" ಎಂದು ಗೊಳೋ ಅತ್ತಿದ್ದಳು. ಕೇಳಿ ಮಿಸ್ಸೂ ಅತ್ತರಂತೆ! ಅಜ್ಜಿ, ಅಂದರೆ ದಿಲೀಪನ ಅತ್ತೆ ಸುಬ್ಬಮ್ಮನೋ, ತನ್ನೂರು ಕೊರವಂಗಲದಲ್ಲಿ ಗುಂಡುಕಲ್ಲಿನಂತಿದ್ದಳು. ಈಗಲೇ ಹೀಗಾದರೆ ಮಗಳು ಮುಂದೆ ಏನಾಗುತ್ತಾಳೋ ಎಂದು ದಿಲೀಪನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

"ನನ್ನ ನೋಡಿ ಕಲೀಬೇಕು ಕಣಮ್ಮ ನೀನು!"

"ನಿಮ್ಮನ್ನಾ?" ಎಂದು ಹೆಂಡತಿ ದೀಪಶ್ರೀ ಸೊಪ್ಪು ಬಿಡಿಸುತ್ತಲೇ ನಕ್ಕಳು.

ಹತ್ತು ನಿಮಿಷವಾಗಿಲ್ಲ, ಗೆಳೆಯನ ಫೋನ್. ದಿಲೀಪ ಇನ್ನೂ ಟವೆಲ್ಲಿನಲ್ಲಿದ್ದ. "ಬಂದೆ ಕಣ್ಲಾ, ಡೈರಿ ಸರ್ಕಲ್ ದಾಟ್ಬುಟ್ಟೆ!"

"ಅಪ್ಪಾ, ಮುದ್ದೆ!"

"ಅದು ಸುಳ್ಳಲ್ಲ ಪುಟ್ಟಿ. ಮಾತಿಗೆ ಹೇಳೋದು."

"ನಾನೂ ಮಿಸ್‌ಗೆ ಮಾತಿಗೇ ಹೇಳಿದ್ದು!"

ದಿಲೀಪ ಅಂಗಿ ಹಾಕಿಕೊಂಡು ಹೊರಡಲು ಎದ್ದ. ಅಷ್ಟರಲ್ಲಿ ಸುಬ್ಬಮ್ಮನೇ ಒಂದು ಚೀಲ ಅವರೆಕಾಯಿ ಹೊತ್ತು ಬಂದಿಳಿದಳು. ಅವಳು ಕಾಯಿ ಸುಲಿಯಲು ಕೂತು ಸ್ವಲ್ಪ ಹೊತ್ತಾಗಿತ್ತು, ಗೇಟು ಕಿರುಗುಟ್ಟಿತು. ದಿಲೀಪ ಕಿಟಕಿಯಲ್ಲಿ ಇಣುಕಿದ. ಅವನ ಆಫೀಸಿನ ಮ್ಯಾನೇಜರ್ ಶಶಿಕುಮಾರ್! ಕೈಯಲ್ಲಿ ಮೂಸಂಬಿ! ಬುಧವಾರ ಅರಕಲಗೂಡಿನಲ್ಲಿ ಬೀಗರೂಟವಿತ್ತು. ಬಾಡೂಟಕ್ಕೆ ರಜೆ ಸಿಗುವುದಿಲ್ಲವೆಂದು ದಿಲೀಪ ಅತ್ತೆಯನ್ನೇ ಆಸ್ಪತ್ರೆಗೆ ಸೇರಿಸಿಬಿಟ್ಟಿದ್ದ, ಫೋನಿನಲ್ಲಿ!

"ಅತ್ತೆ, ಬೇಗ ಮಂಚದ ಮ್ಯಾಲೆ ಮಲಿಕಳಿ!"

"ಯಾಕ್ ಅಳಿಯಂದ್ರೆ? ನಂಗೇನಾಗದೆ?"

"ಹುಷಾರಿಲ್ಲ ನಿಮ್ಗೆ! ಸುಮ್ನೆ ನರಳಿ!"

ಅಳಿಯನ ಮಾನದ ಪ್ರಶ್ನೆ. ಸುಬ್ಬಮ್ಮ ಅವರೆಕಾಯಿ ಸಮೇತ ರಗ್ಗಿನೊಳಗೆ ನುಗ್ಗಿ, ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುವಂತೆ ನರಳಿದಳು. ಒಳಗೆ ಬಂದ ಶಶಿಕುಮಾರ್ ಮೂಸಂಬಿ ಇಟ್ಟು, ನಿಸರ್ಗಳ ಕಡೆ ತಿರುಗಿದರು.

"ಅಜ್ಜಿಗೆ ಏನಾಗಿದೆ ಪುಟ್ಟಿ?"

ನಿಸರ್ಗ ಅಪ್ಪನನ್ನು ನೋಡಿದಳು. ಬಿಳಿಚಿಕೊಂಡ ಅಪ್ಪನ ಮುಖ ಕಂಡು ಪಾಪ ಅನ್ನಿಸಿರಬೇಕು. "ಅಜ್ಜಿ ಆಸ್ಪತ್ರೆಲಿದ್ರು ಅಂಕಲ್..." ಎಂದಳು. ಕಣ್ಣಲ್ಲಿ ನೀರು ಬಂದೇಬಿಟ್ಟಿತು!

ದಿಲೀಪನಿಗೆ ಆಗ ನೆನಪಾಯಿತು. ಬುಧವಾರ ತಾನು ಫೋನಿನಲ್ಲಿ ಇದೇ ಅಳುದನಿ ತೆಗೆದಾಗ ಮಗಳು ಪಕ್ಕದಲ್ಲೇ ಕೂತು ಇಡ್ಲಿ ತಿನ್ನುತ್ತಿದ್ದಳು.

"ಸುಳ್ಳು ಸಾ!" ಎಂದು ಕೂಗಿಬಿಟ್ಟ. "ಅತ್ತೆಗೆ ಏನೂ ಆಗಿಲ್ಲ. ನಾನು ಬೀಗರೂಟಕ್ಕೆ ಹೋಗಿದ್ದೆ. ಮಗು ನನ್ನಿಂದ್ಲೇ ಕಲ್ತದೆ!"

ರಗ್ಗು ಹಾರಿತು. "ಸದ್ಯ! ಇನ್ನೊಂಚೂರ್ ಬಿಟ್ಟಿದ್ರೆ ನಿಜವಾಗ್ಲೂ ಆಸ್ಪತ್ರೆಗೆ ಸೇರುಸ್ಬೇಕಾಗದು" ಎಂದು ಸುಬ್ಬಮ್ಮ ಎದ್ದು ಕೂತಳು.

ಶಶಿಕುಮಾರ್ ಗಂಟಲು ಸರಿಮಾಡಿಕೊಂಡರು. "ಗೊತ್ತಿತ್ತು ಕಣ್ರಿ. ನಿಮ್ಮ ಹಿಂದಿನ ಸಾಲಲ್ಲೇ ನಾನೂ ಊಟಕ್ಕೆ ಕೂತಿದ್ದೆ. ಎಲ್ಲಿವರ್ಗೂ ಎಳೀತೀರೋ ನೋಡಾಣ ಅಂತ ಬಂದೆ."

"ನೀವು ಆಫೀಸಲ್ಲಿ ಏನಂತ ಹೇಳಿ ಹೋಗಿದ್ರಿ ಅಂಕಲ್?" ಎಂದಳು ನಿಸರ್ಗ.

ಶಶಿಕುಮಾರ್ ಮೂಸಂಬಿ ನೋಡಿದರು, ಫ್ಯಾನ್ ನೋಡಿದರು. "...ಮೀಟಿಂಗ್ ಅಂತ."

ನಿಸರ್ಗ ಒಳಗೆ ಓಡಿ ಮುದ್ದೆಕೋಲು ತಂದಳು.

ಮ್ಯಾನೇಜರು ಪಾತ್ರೆ ಅದುಮಿ ಹಿಡಿದರು, ಗುಮಾಸ್ತ ತಿರುವಿದ. ದೀಪಶ್ರೀ ಸ್ಟೂಲು ಹಾಕಿಕೊಂಡು ಕೂತು ನೋಡಿದಳು! ನಿಸರ್ಗ ಅಪ್ಪನ ಕಿವಿಯಲ್ಲಿ, "ನಾಳೆ ಮಿಸ್‌ಗೆ ನಿಜ ಹೇಳ್ತೀನಪ್ಪ. ನೀನೂ ಜೊತೇಲಿ ಬಾ" ಎಂದಳು. ದಿಲೀಪನ ಹೃದಯ ತುಂಬಿ ಬಂತು. ಇಷ್ಟು ಸಾಕು, ಮಗಳು ಗೆದ್ದಳು ಎಂದುಕೊಂಡ.

ಎಲ್ಲರೂ ಊಟಕ್ಕೆ ಕೂತರು. ದಿಲೀಪ ಬೀಗುತ್ತಾ ಕೇಳಿದ:

"ಎಂಗದೆ ಪುಟ್ಟಿ, ಅಪ್ಪನ ಮುದ್ದೆ?"

ನಿಸರ್ಗ ಬಾಯಿಂದ ಒಂದೊಂದೇ ಹಿಟ್ಟಿನ ಗಂಟು ತೆಗೆದು ತಟ್ಟೆಯ ಅಂಚಿಗಿಟ್ಟು ಯೋಚಿಸಿದಳು.

"ನಿಜ ಹೇಳ್ಲಾ ಅಪ್ಪ, ಇಲ್ಲ ರಾತ್ರಿ ಮುದ್ದೆ ನಾನೇ ತಿರುವ್ಲಾ?"