ದಕ್ಷಿಣಾಮೂರ್ತಿ ಮೇಷ್ಟ್ರು ಸ್ಪ್ರಿಂಕ್ಲರ್ ಹಾಕಿಸಿದ್ದು

ಗಂಡಸರಿಗೂ ಸವತಿಯೊಬ್ಬಳು ಇರಬಹುದೆಂದು ದಕ್ಷಿಣಾಮೂರ್ತಿ ಮೇಷ್ಟ್ರಿಗೆ ತಿಳಿದದ್ದು ನಿವೃತ್ತರಾದ ಮೇಲೆ. ಅವರ ಸವತಿ ಮನೆ ಮುಂದಿನ ಹುಲ್ಲುಹಾಸು. ಶಿಡ್ಲಘಟ್ಟದ ಅಂಚಿನ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಉಳಿದ ಜಾಗಕ್ಕೆ ಹೆಂಡತಿ ಪಂಕಜ ಆಸೆಪಟ್ಟು ಹಾಕಿಸಿದ್ದು. ದೊಡ್ಡದೇನಲ್ಲ, ನಾಲ್ಕು ಚಾಪೆ ಹಾಸಿದರೆ ಮುಗಿಯಿತು.

ಕೆಲಸದಲ್ಲಿದ್ದಷ್ಟು ಕಾಲ ಮೇಷ್ಟ್ರಿಗೆ ಶಾಲೆ, ಮನೆಪಾಠ, ಉತ್ತರಪತ್ರಿಕೆಗಳಲ್ಲೇ ದಿನ ಕಳೆದುಹೋಗುತ್ತಿತ್ತು. ಹೆಂಡತಿಯ ಜೊತೆ ಆಡಬೇಕಾದ ಮಾತನ್ನೆಲ್ಲ ನಿವೃತ್ತಿಗೆಂದು ಕೂಡಿಟ್ಟಿದ್ದರು. ಈಗ ಪ್ರತಿ ಸಂಜೆ ಕಾಫಿ ಹಿಡಿದು ವರಾಂಡದ ಕುರ್ಚಿಯಲ್ಲಿ ಕೂರುತ್ತಾರೆ, ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಪಂಕಜ ಪೈಪ್ ಹಿಡಿದು ಹುಲ್ಲಿಗೆ ಇಳಿಯುತ್ತಾರೆ. ಕತ್ತಲಾಗುವವರೆಗೂ ಮೇಲೆ ಬರುವುದಿಲ್ಲ. ಹುಲ್ಲಿಗೇನು ಈಜು ಕಲಿಸುತ್ತೀಯಾ ಎಂದು ಮೇಷ್ಟ್ರು ರೇಗಿಸಿದರೂ “ಬಂದೆ” ಅನ್ನುತ್ತಾರೆ, ಬರುವುದಿಲ್ಲ.

ಪೈಪ್ ಹಿಡಿಯುವ ಕೆಲಸವೇ ಇಲ್ಲದಂತೆ ಮಾಡಿದರೆ ಕುರ್ಚಿಗೆ ಬರಲೇಬೇಕಲ್ಲ ಎಂದು ಲೆಕ್ಕ ಹಾಕಿ, ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ಮೋಹನ್‌ಬಾಬುವಿನ ಡ್ರಿಪ್ ನೀರಾವರಿ ಅಂಗಡಿಗೆ ಹೋದರು. ಅಂಗಡಿ ತುಂಬಾ ದ್ರಾಕ್ಷಿ, ಟೊಮೇಟೊ ಬೆಳೆಯುವ ರೈತರು. ಮೋಹನ್‌ಬಾಬು ಎಲ್ಲರಿಗೂ ಕೇಳುವಂತೆ ಇವರಿಗೂ “ಎಷ್ಟು ಎಕರೆ ಸಾರ್?” ಎಂದ.

ಅಷ್ಟು ರೈತರ ನಡುವೆ ನಾಲ್ಕು ಚಾಪೆ ಅನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. “ಜಾಸ್ತಿ ಏನಿಲ್ಲಪ್ಪ” ಎಂದು ಕನ್ನಡಕ ಸರಿಮಾಡಿಕೊಂಡರು. ದೊಡ್ಡ ಜಮೀನಿನವರು ಹೀಗೆಯೇ ಮಾತಾಡುವುದು ಮೋಹನ್‌ಬಾಬುವಿಗೆ ಗೊತ್ತು. ಆಲೂಗಡ್ಡೆ ಹೊಲಕ್ಕೆ ಹಾಕುವ, ಟಕಟಕ ಸದ್ದು ಮಾಡುತ್ತಾ ತಿರುಗುವ ಹಿತ್ತಾಳೆ ತಲೆಯ ಸ್ಪ್ರಿಂಕ್ಲರ್ ಕಟ್ಟಿಕೊಟ್ಟ.

ಅದನ್ನು ಜೋಡಿಸಲು ಎದುರು ಮನೆಯ ಮುನಿಶಾಮಿ ಕರೆಯದೆಯೇ ಬಂದ. ಅವನಿಗೆ ಪೆರೇಸಂದ್ರದ ಹತ್ತಿರ ಗುಲಾಬಿ ತೋಟವಿದೆ, ಹಾಗಾಗಿ ನೀರಿನ ವಿಷಯ ಎಲ್ಲಿದ್ದರೂ ಅದು ತನ್ನದೇ ಎಂದು ತಿಳಿದವನು. ಮಹಡಿ ಮೇಲಿನ ಟ್ಯಾಂಕಿನ ನೀರಿಗೆ ರಭಸ ಸಾಲದೆಂದು ಹೇಳಿ, ಸಂಪಿನ ಮೋಟರಿಗೇ ನೇರವಾಗಿ ಸಿಕ್ಕಿಸಿದ. ಸ್ವಿಚ್ ಹಾಕುವ ಗೌರವವನ್ನು ಮೇಷ್ಟ್ರಿಗೆ ಬಿಟ್ಟ.

ಸ್ಪ್ರಿಂಕ್ಲರ್ ಒಮ್ಮೆ ಕೆಮ್ಮಿತು. ಆಮೇಲೆ ಹುಲ್ಲಿನ ಮೇಲೆ ಒಂದು ಹನಿಯನ್ನೂ ಬೀಳಿಸದೆ, ಕಾಂಪೌಂಡ್ ದಾಟಿ ಗಂಗುಲಮ್ಮನ ಅಂಗಳಕ್ಕೆ ಮಳೆ ಸುರಿಸಿತು. ಪಕ್ಕದ ಮನೆಯ ಗಂಗುಲಮ್ಮ ರೇಷ್ಮೆಹುಳ ಸಾಕುವವರು. ಹುಳು ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಹಗಲು ರಾತ್ರಿ ಮೇಯುವ ಹೊತ್ತು. ಆಗತಾನೇ ತೋಟದಿಂದ ಬಂದ ಹಿಪ್ಪುನೇರಳೆ ಸೊಪ್ಪಿನ ಹೊರೆಗಳು ಅಂಗಳದಲ್ಲಿ ಬಿಚ್ಚಿ ಬಿದ್ದಿದ್ದವು, ಅಷ್ಟೂ ತೊಯ್ದು ಹೋದವು. ಮುನಿಶಾಮಿಗೆ ತೋಟದಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು.

ಗಂಗುಲಮ್ಮ ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ವಾಸಿ ಅನ್ನಿಸುತ್ತಿತ್ತು. ಆಕೆ ಸೊಪ್ಪಿನ ಪಕ್ಕ ಕುಕ್ಕರಿಸಿ ಕೂತು, “ಒದ್ದೆ ಸೊಪ್ಪು ಹಾಕಿದ್ರೆ ಹುಳ ಉಳಿಯಲ್ಲ ಮೇಷ್ಟ್ರೇ. ಹಸಿದಾವೆ ಕಣಪ್ಪ ಅವು” ಎಂದರು. ಹಸಿದ ಮಕ್ಕಳ ತಾಯಿ ಹೇಳಿದ ಹಾಗಿತ್ತು.

ಪಂಕಜ ಮೇಷ್ಟ್ರ ಪಂಚೆಗಳನ್ನೆಲ್ಲ ಹೊತ್ತು ತಂದರು. ಮಧ್ಯಾಹ್ನ ಊಟವನ್ನೂ ಬಿಟ್ಟು ಮೂವರೂ ಕೂತು ಸೊಪ್ಪಿನ ಕಡ್ಡಿಗಳನ್ನು ಒದರಿದರು, ಫ್ಯಾನಿಗೆ ಹಿಡಿದರು, ಎಲೆ ಎಲೆಯನ್ನೂ ಒರೆಸಿದರು. ಮದುವೆಯ ಜರಿಪಂಚೆಯೂ ಹಸಿರಾಯಿತು. ಅಂತೂ ಹುಳುಗಳಿಗೆ ತಡವಾಗಿಯಾದರೂ ಒಣ ಸೊಪ್ಪು ಸಿಕ್ಕಿತು.

ಗಂಗುಲಮ್ಮನ ಮಗಳು ಸಂಘಮಿತ್ರ ತೋಟಗಾರಿಕೆ ಓದಿ ಚಿಂತಾಮಣಿಯಲ್ಲಿ ಕೆಲಸದಲ್ಲಿದ್ದಳು. ರಜೆಯೆಂದು ಮನೆಗೆ ಬಂದವಳು ಹಿತ್ತಾಳೆ ತಲೆಯನ್ನು ನೋಡಿ ಬಹಳ ಹೊತ್ತು ನಕ್ಕಳು. ಆಮೇಲೆ ಹುಲ್ಲನ್ನು ಹೆಜ್ಜೆಯಲ್ಲಿ ಅಳೆದು, ಅಂಗಡಿಗೆ ತಾನೇ ಹೋಗಿ ಪುಟ್ಟ ನಾಜಲ್‌ಗಳಿಗೆ ಬದಲಾಯಿಸಿಕೊಂಡು ಬಂದಳು. ನೀರನ್ನು ದೂರ ಎಸೆಯುವುದು ಜಾಣತನವಲ್ಲ, ಮಣ್ಣು ಕುಡಿಯುವಷ್ಟೇ ನಿಧಾನವಾಗಿ ಕೊಡಬೇಕು ಎಂದು ವಿವರಿಸಿದಳು. ನಾಲ್ಕು ಮೂಲೆಗೂ ಒಂದೇ ಜಾತಿಯ ನಾಜಲ್ ಕೂರಿಸಿ, ನೀರು ಕಾಲು ಸುತ್ತು ಮಾತ್ರ ತಿರುಗಿ ಒಳಮುಖವಾಗಿ ಬೀಳುವಂತೆ ಹೊಂದಿಸಿದಳು. ಮೇಷ್ಟ್ರು ವಿಧೇಯ ವಿದ್ಯಾರ್ಥಿಯಂತೆ ಸ್ಪ್ಯಾನರ್ ಹಿಡಿದು ನಿಂತಿದ್ದರು.

ಸಂಜೆ ನೀರು ಬಿಟ್ಟಾಗ ಕಾಂಪೌಂಡಿನ ಆಚೆಗೆ ಒಂದು ಹನಿಯೂ ಹಾರಲಿಲ್ಲ. ತೆಳ್ಳನೆಯ ಎಳೆಗಳು ಮೆಲ್ಲಗೆ ತಿರುಗುತ್ತಾ ಹುಲ್ಲನ್ನು ಸವರುತ್ತಿದ್ದವು. ಮೇಷ್ಟ್ರು ಎರಡೂ ಕುರ್ಚಿಯ ಧೂಳು ಒರೆಸಿ, ಕೈಯಾರೆ ಎರಡು ಲೋಟ ಕಾಫಿ ಮಾಡಿ, “ಇನ್ನು ನೀನು ನಿಲ್ಲೋ ಹಂಗಿಲ್ಲ ಕಣೇ. ಬಾ, ಕೂತ್ಕೋ” ಎಂದು ಕರೆದರು.

ಪಂಕಜ ಮೆಟ್ಟಿಲ ಬಳಿಯೇ ನಿಂತು ನೀರನ್ನು ನೋಡಿದರು. ಸೀರೆ ಸೆರಗನ್ನು ಆಗಲೇ ಸೊಂಟಕ್ಕೆ ಸಿಕ್ಕಿಸಿದ್ದರು.

“ನಂಗೇನು ಹುಲ್ಲಿನ ಹುಚ್ಚು ಅಂದ್ಕೊಂಡ್ರಾ? ಒಂದಿನ ನೀವೂ ಇಳಿದು ಬಂದು ಪಕ್ಕದಲ್ಲಿ ನಿಂತ್ಕೋತೀರೇನೋ ಅಂತ ನಿಧಾನವಾಗಿ ಹಾಕ್ತಿದ್ದೆ. ನೀವು ಕುರ್ಚಿ ಬಿಟ್ಟು ಏಳ್ಲೇ ಇಲ್ಲ.”

ಮೇಷ್ಟ್ರ ಕೈಯಲ್ಲಿ ಎರಡು ಲೋಟ. ಯಾವುದನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

ಈಗ ಹುಲ್ಲಿಗೆ ತಾನು ಬೇಡವಲ್ಲ, ಹುಳ ಹಣ್ಣಾಗಿ ಗೂಡು ಕಟ್ಟುವವರೆಗೆ ದಿನಾ ಸಂಜೆ ಸೊಪ್ಪು ಹಾಕಲು ಬರುತ್ತೇನೆಂದು ಗಂಗುಲಮ್ಮನಿಗೆ ಮಾತು ಕೊಟ್ಟಾಯಿತು ಎಂದು ಪಂಕಜ ಗೇಟು ತೆಗೆದರು. ಮೇಷ್ಟ್ರು ಲೋಟಗಳನ್ನು ಅಲ್ಲೇ ನೆಲದ ಮೇಲಿಟ್ಟು, ಚಪ್ಪಲಿಯನ್ನೂ ಹುಡುಕದೆ ಹಿಂದೆ ಓಡಿದರು. “ನಾನೂ ಬರ್ತೀನಿ” ಎಂದರು.

ಹುಳದ ಮನೆಯ ಬಾಗಿಲಲ್ಲಿ ಗಂಗುಲಮ್ಮ ಇಬ್ಬರಿಗೂ ಕೈಕಾಲು ತೊಳೆಯಲು ನೀರು ಕೊಟ್ಟರು. ಮೇಷ್ಟ್ರ ಮುಖವನ್ನೊಮ್ಮೆ ನೋಡಿ, ತಮ್ಮ ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿಯೊಂದನ್ನು ತಿಳಿಸಿದರು. “ಬನ್ನಿ, ಬೇಡ ಅನ್ನಲ್ಲ. ಆದ್ರೆ ಒಳಗೆ ಒಂದು ಮಾತೂ ಆಡೋ ಹಂಗಿಲ್ಲ.”

ಅಷ್ಟು ವರ್ಷ ಕೂಡಿಟ್ಟ ಮಾತುಗಳನ್ನೆಲ್ಲ ಬಾಯೊಳಗೇ ಹಿಡಿದುಕೊಂಡು, ಮೇಷ್ಟ್ರು ಕೊನೆಗೂ ಹೆಂಡತಿಯ ಪಕ್ಕ ನಿಂತು ಸೊಪ್ಪು ಹಾಕತೊಡಗಿದರು.