ಘರ್ಷಣೆಯೇ ಇಲ್ಲದ ಸೀಲು

ನನ್ನ ನಾದಿನಿ ಮಂಜುಳ ಗುಬ್ಬಿಯಲ್ಲಿ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಮಾರುತ್ತಾಳೆ. ಕಳೆದ ತಿಂಗಳು ಅವಳಿಗೆ ಮೊದಲ ದೊಡ್ಡ ಆರ್ಡರ್ ಬಂತು: ನಿಟ್ಟೂರಿನ ಒಂದು ಮದುವೆಯ ಬೆಳಗಿನ ತಿಂಡಿಗೆ ನಾನ್ನೂರು ಜನರ ಇಡ್ಲಿ ಹಿಟ್ಟು! ಇದು ಚೆನ್ನಾಗಿ ನಡೆದರೆ ಮುಂದಿನ ಮದುವೆಗಳೆಲ್ಲ ಅವಳವೇ. ಕೆಟ್ಟರೆ ಸುತ್ತಲಿನ ಹತ್ತು ಊರಿಗೂ ಮಧ್ಯಾಹ್ನದ ಊಟದೊಳಗೆ ಸುದ್ದಿ. ಇಂಥ ಸೂಕ್ಷ್ಮ ಸಂದರ್ಭದಲ್ಲಿ ಅವಳ ದೊಡ್ಡ ಗ್ರೈಂಡರ್ ತಳದಿಂದ ಹನಿಹನಿಯಾಗಿ ಸೋರತೊಡಗಿತು. ಆಗ ಅವಳು ಒಂದೇ ಒಂದು ತಪ್ಪು ಮಾಡಿದಳು. ಸೋರುವ ಸುದ್ದಿಯನ್ನು ನನಗೆ ಹೇಳಿದಳು.

ನಾನು ಮೆಕ್ಯಾನಿಕಲ್ ಎಂ.ಟೆಕ್. ಕೆಲಸ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಯಾರು ಏನು ಹೇಳಿದರೂ ನಂಬದಿರುವುದಕ್ಕೇ ನನಗೆ ಸಂಬಳ. ಈ ಅಭ್ಯಾಸ ಎಷ್ಟು ಬೆಳೆದಿದೆಯೆಂದರೆ, ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಗೆ ಬೀಗ ಹಾಕಿ ಬೀದಿಯ ಕೊನೆ ತಲುಪಿದ ಮೇಲೆ ವಾಪಸ್ ಹೋಗಿ ಬೀಗ ಎಳೆದು ನೋಡುತ್ತೇನೆ. ಮತ್ತೆ ಬೀದಿಯ ಕೊನೆಗೆ ಬಂದರೆ, ಎಳೆದು ನೋಡಿದೆನೋ ಇಲ್ಲವೋ ಎಂಬ ಅನುಮಾನ.

ಗ್ರೈಂಡರಿನ ಕಾಯಿಲೆ ಸರಳವಾಗಿತ್ತು. ಕೆಳಗಿನ ಮೋಟಾರಿನಿಂದ ಒಂದು ಶಾಫ್ಟು ಪಾತ್ರೆಯ ತಳವನ್ನು ತೂರಿಕೊಂಡು ಮೇಲೆ ಬಂದು ಕಲ್ಲನ್ನು ತಿರುಗಿಸುತ್ತದೆ. ತೂರುವ ಜಾಗದಲ್ಲಿ ಹಿಟ್ಟು ಕೆಳಗಿಳಿಯದಂತೆ ತಡೆಯಲು ಒಂದು ರಬ್ಬರ್ ಉಂಗುರ ಶಾಫ್ಟನ್ನು ತಬ್ಬಿಕೊಂಡಿರುತ್ತದೆ. ಅದೇ ಸೀಲು. ಅದು ಸವೆದಿತ್ತು.

"ರಫೀಕಣ್ಣಂಗೆ ಫೋನ್ ಮಾಡಿದ್ರೆ ಹತ್ತು ನಿಮಿಷದಲ್ಲಿ ಹೊಸ ರಬ್ಬರ್ ಹಾಕ್ಬುಟ್ಟು ಹೋಗ್ತಾನೆ," ಎಂದಳು ನನ್ನ ಹೆಂಡತಿ ಶೋಭಾ. ರಫೀಕ್ ಗುಬ್ಬಿಯ ಗ್ರೈಂಡರ್ ಮೆಕ್ಯಾನಿಕ್.

"ಅಲ್ಲೇ ಇರೋದು ತಪ್ಪು!" ಎಂದೆ. "ರಬ್ಬರ್ ಶಾಫ್ಟನ್ನ ಉಜ್ಜುತ್ತೆ. ಉಜ್ಜಿದ್ರೆ ಘರ್ಷಣೆ, ಘರ್ಷಣೆಯಿಂದ ಬಿಸಿ, ಬಿಸಿಯಿಂದ ಸವೆತ. ನಾನು ಟೆಫ್ಲಾನಿನಲ್ಲಿ ಒಂದು ಸೀಲ್ ಡಿಸೈನ್ ಮಾಡ್ತೀನಿ. ನಾನ್‌ಸ್ಟಿಕ್ ದೋಸೆ ತವಾ ಮೇಲೆ ಬಳಿದಿರುತ್ತಲ್ಲ, ಅದೇ ಪದಾರ್ಥ! ಜಾರೋದರಲ್ಲಿ ಅದನ್ನ ಮೀರಿಸೋದು ಯಾವುದೂ ಇಲ್ಲ!"

"ನಮ್ಮನೆ ತವಾಕ್ಕೆ ದೋಸೆ ಅಂಟ್ಕೊಳ್ಳುತ್ತಲ್ಲ ರೀ?"

ವಿಜ್ಞಾನವನ್ನು ಹೀಗೆಯೇ ಕುಗ್ಗಿಸುತ್ತಾರೆ. ನಾನು ಕುಗ್ಗಲಿಲ್ಲ.

ಮದುವೆಗೆ ಎರಡು ದಿನ ಮುಂಚೆ ಗುಬ್ಬಿಗೆ ಹೋಗಿ, ಕಲ್ಲು ಬಿಚ್ಚಿ, ಶಾಫ್ಟಿನ ದಪ್ಪವನ್ನು ವರ್ನಿಯರಿನಲ್ಲಿ ಅಳೆದೆ. ಇಪ್ಪತ್ತೈದು ಮಿಲಿಮೀಟರ್. ಬರೆದುಕೊಳ್ಳಲಿಲ್ಲ. ಬರೆದರೆ ಚೀಟಿ ಎಲ್ಲಿಟ್ಟೆ ಎಂಬುದನ್ನೂ ನೆನಪಿಡಬೇಕಲ್ಲ!

ಸ್ಕೂಟರಿನಲ್ಲಿ ತುಮಕೂರಿಗೆ ಮರಳುವಾಗ ಹೆಗ್ಗೆರೆ ಬಳಿ ಅನುಮಾನ ಹುಟ್ಟಿತು. ಇಪ್ಪತ್ತೈದೋ, ಇಪ್ಪತ್ತೈದೂ ಕಾಲೋ? ಬಿಗಿಯಾದರೆ ಘರ್ಷಣೆ, ಘರ್ಷಣೆ ನನ್ನ ವೈರಿ. ಆದ್ದರಿಂದ ಕಾಲು ಸೇರಿಸಿದೆ. ಊರು ಹೊಕ್ಕ ಮೇಲೆ, ಕಾಲು ಸೇರಿಸಿದ ಲೆಕ್ಕ ಇಪ್ಪತ್ತೈದೋ ಇಪ್ಪತ್ತೈದೂ ಕಾಲೋ ಎಂಬುದು ಮರೆತುಹೋಯಿತು. ಇನ್ನೊಂದು ಕಾಲು ಸೇರಿಸಿದೆ. ಮಂಜುಳನಿಗೆ ಫೋನ್ ಮಾಡಿದರೆ ಅವಳು ಟೈಲರ್ ಟೇಪು ಹಿಡಿದು, "ಒಂದಿಂಚಿನ ಹತ್ರ ಹತ್ರ ಐತೆ ಭಾವ," ಎಂದಳು. ಆ ಎರಡು 'ಹತ್ರ'ಗಳಿಗೆ ತಲಾ ಕಾಲು!

"ಒಳಗಿನ ತೂತು ಎಷ್ಟು ಸಾರ್?" ಎಂದ, ಟೆಫ್ಲಾನ್ ಉಂಗುರ ಕಡೆದುಕೊಡಲು ಒಪ್ಪಿದ ಲೇತ್ ಶಾಪಿನ ಶಿವಣ್ಣ.

"ಇಪ್ಪತ್ತಾರು."

"ಗ್ಯಾರಂಟಿನಾ? ಒಂದ್ಸಲ ಹೋಗಿ ನೋಡ್ಕಂಡು ಬನ್ನಿ ಸಾರ್, ಬಿಚ್ಚಾಕಿದ್ದೀರಲ್ಲ."

"ಎಲ್ಲ ಅನುಮಾನಗಳನ್ನೂ ಸೇರಿಸಿಯೇ ಹೇಳ್ತಿರೋದು, ತಿರುಗಿಸಪ್ಪ!"

ಮದುವೆಯ ಹಿಂದಿನ ದಿನ ಬೆಳಗ್ಗೆ ಶೋಭಾಳೊಂದಿಗೆ ಗುಬ್ಬಿಗೆ ಹೋಗಿ ಉಂಗುರವನ್ನು ಕೂರಿಸಿದೆ. ಬೆರಳಿನಿಂದ ಶಾಫ್ಟನ್ನು ತಿರುಗಿಸಿದೆ. ಅಬ್ಬಾ! ಬುಗುರಿಯಂತೆ ತಿರುಗಿತು! ಒಂದಿಷ್ಟೂ ತಡೆಯಿಲ್ಲ, ಒಂದಿಷ್ಟೂ ಸದ್ದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಯಾವುದನ್ನೂ ಅನುಮಾನಿಸಲಿಲ್ಲ. ವಿಡಿಯೊ ಮಾಡಿ ಆಫೀಸಿನ ಗ್ರೂಪಿಗೂ ಹಾಕಿದೆ.

ಮಂಜುಳ ಒಂದು ಬಕೆಟ್ ನೆಂದ ಉದ್ದು ಸುರಿದು, ನೀರು ಹಾಕಿ, ಸ್ವಿಚ್ ಒತ್ತಿದಳು. ಕಲ್ಲು ಸಂಭ್ರಮದಿಂದ ಸುತ್ತಿತು. ಅವಳು ನೀರು ಹಾಕಿದಳು. ನೀರು ಕಾಣಲಿಲ್ಲ. ಮತ್ತೆ ಹಾಕಿದಳು.

"ಭಾವ, ಎಷ್ಟ್ ಹಾಕಿದ್ರೂ ಗಟ್ಟಿನೇ ಐತಲ್ಲ?"

"ಒಳ್ಳೆ ಉದ್ದು," ಎಂದು ತಾಂತ್ರಿಕ ಅಭಿಪ್ರಾಯ ಕೊಟ್ಟೆ. "ನೀರು ಕುಡಿಯುತ್ತೆ. ಹಾಕ್ತಾ ಇರು."

ಮೂರನೆಯ ಚೊಂಬಿಗೆ ಗ್ರೈಂಡರಿನ ಹೊಟ್ಟೆಯೊಳಗೆ ಯಾರೋ ಕೆಮ್ಮಿದಂತಾಯಿತು. ನಾಲ್ಕನೆಯದಕ್ಕೆ ಮೋಟಾರಿನ ಗಾಳಿಕಿಂಡಿಗಳಿಂದ ಬೆಳ್ಳಗೆ, ಮೃದುವಾಗಿ, ಅತ್ಯುತ್ತಮ ಹದದ ಉದ್ದಿನ ನೊರೆ ಹೊರಬಂತು! ಹಿಂದೆಯೇ ಹೊಗೆ. ಹಿಂದೆಯೇ ನಾದಿನಿಯ ಕೂಗು. ಶೋಭಾ ಓಡಿಬಂದು ಮೇನ್ ಆಫ್ ಮಾಡಿದಳು. ನೊರೆ ಮಾತ್ರ ಚಟಚಟ ಎನ್ನುತ್ತಿತ್ತು.

ರಫೀಕ್ ಬಂದ. ಮೋಟಾರು ಬಿಚ್ಚಿ ಮೂಸಿದ. "ಸುಟ್ಟೋಗೈತೆ. ವೈಂಡಿಂಗ್ ಮಾಡಿಸ್ಬೇಕು, ನಾಲ್ಕು ದಿನ." ಆಮೇಲೆ ನನ್ನ ಉಂಗುರದ ಸಂದಿಗೆ ಉಗುರು ತೂರಿಸಿದ. ಸಲೀಸಾಗಿ ಹೋಯಿತು.

"ಸಾರ್, ಇದು ಶಾಫ್ಟನ್ನ ಮುಟ್ಟೇ ಇಲ್ವಲ್ಲ!"

"ಆದ್ರೆ ನೋಡು, ಘರ್ಷಣೆ ಒಂಚೂರೂ ಇಲ್ಲ," ಎಂದೆ ಸಣ್ಣ ದನಿಯಲ್ಲಿ.

"ಎಲ್ಲಿಂದ ಬರ್ಬೇಕು ಸಾರ್? ಮುಟ್ಟಿದ್ರೆ ತಾನೆ ಉಜ್ಜೋದು?"

ಮಂಜುಳ ಅಳುವ ಹೆಂಗಸಲ್ಲ. ಆದರೆ ನೆನೆಸಿಟ್ಟ ಅಷ್ಟೂ ಅಕ್ಕಿ, ಉಳಿದ ಉದ್ದನ್ನು ನೋಡಿ ಕಣ್ಣು ಒರೆಸಿಕೊಂಡಳು. ಸಂಜೆಯೊಳಗೆ ರುಬ್ಬದಿದ್ದರೆ ಹಿಟ್ಟು ಹುಳಿ ಬರುವುದಿಲ್ಲ; ಬೆಳಗ್ಗೆ ನಾನ್ನೂರು ಜನ ಖಾಲಿ ಎಲೆಯ ಮುಂದೆ ಕೂರುತ್ತಾರೆ. ಆ ಗಳಿಗೆಯಲ್ಲಿ ನನ್ನ ಎಂ.ಟೆಕ್ಕಿನಿಂದ ಒಂದು ಉಪಾಯವೂ ಹೊಳೆಯಲಿಲ್ಲ. ಹೊಳೆದದ್ದು ಶೋಭಾಳಿಗೆ. ಅವಳು ಬೀದಿಗಿಳಿದು ಮನೆಮನೆಯ ಬಾಗಿಲು ಬಡಿದಳು. ಹನ್ನೊಂದು ಮನೆಗಳಲ್ಲಿ ಹನ್ನೊಂದು ಪುಟ್ಟ ಗ್ರೈಂಡರುಗಳು ಒಟ್ಟಿಗೆ ಗುರ್ ಎಂದವು! ಬೀದಿಯೇ ಕಾರ್ಖಾನೆಯಾಯಿತು! ಅಕ್ಕಿ, ಉದ್ದು ಒಯ್ಯುವ, ಹಿಟ್ಟು ತರುವ ಬಕೆಟ್ಟು ವಿಭಾಗಕ್ಕೆ ನನ್ನನ್ನು ಏಕಮತದಿಂದ ನೇಮಿಸಲಾಯಿತು.

"ಬನ್ನಿ ಇಂಜಿನಿಯರ್ರೇ, ನಮ್ಮದಾಯ್ತು," ಎಂದು ಏಳನೆಯ ಮನೆಯ ಅಜ್ಜಿ ಕರೆದರು. "ಗ್ರೈಂಡರ್ ಮಾತ್ರ ಮುಟ್ಬೇಡಿ ಕಣಪ್ಪ. ಬಾಗ್ಲಲ್ಲೇ ನಿಂತ್ಕಳಿ, ತಂದ್ಕೊಡ್ತೀನಿ."

ಸಂಜೆ ಐದಕ್ಕೆ ಕೊನೆಯ ಬಕೆಟ್ ಬಂತು. ಮರುದಿನ ನಿಟ್ಟೂರಿನ ಛತ್ರದಲ್ಲಿ ಇಡ್ಲಿ ಹತ್ತಿಯಂತೆ ಎದ್ದಿತು. ಮದುವೆ ಹುಡುಗಿಯ ದೊಡ್ಡಪ್ಪ ಅಡುಗೆಮನೆಗೇ ಬಂದು ಮಂಜುಳನನ್ನು ಹುಡುಕಿದರು.

"ಮುಂದಿನ ತಿಂಗಳು ನನ್ನ ಮಗಳ ಮದುವೆನೂ ಐತೆ ಕಣಮ್ಮ. ಆರ್ನೂರು ಜನ. ನೀನೇ ಹಿಟ್ಟು ಕೊಡ್ಬೇಕು. ಆಯ್ತದಾ?"

"ಆಯ್ತದೆ ಸಾರ್. ಆದ್ರೆ ಡೇಟ್ ಫಿಕ್ಸ್ ಮಾಡೋಕೆ ಮುಂಚೆ ನಂಗೊಂದ್ ಮಾತು ತಿಳ್ಸಿ."

"ಯಾಕಮ್ಮ, ಕರೆಂಟ್ ತೊಂದ್ರೆನಾ?"

"ಕರೆಂಟ್ ಅಲ್ಲ ಸಾರ್. ಅವತ್ತು ನಮ್ಮ ಭಾವಂಗೆ ರಜಾ ಇರ್ಬಾರ್ದು."

ಅವರು ನನ್ನ ಕಡೆ ತಿರುಗಿದರು. ನಾನು ಇಡ್ಲಿ ನುಂಗಿ, ಮೊಬೈಲ್ ತೆಗೆದು, ಮುಂದಿನ ತಿಂಗಳ ನನ್ನ ರಜಾ ದಿನಗಳನ್ನು ಒಂದೊಂದಾಗಿ ಓದಿ ಹೇಳಿದೆ. ನೆನಪಿನಿಂದಲ್ಲ, ಕ್ಯಾಲೆಂಡರ್ ನೋಡಿಕೊಂಡು. ಮಂಜುಳ ಅವನ್ನೆಲ್ಲ ಬರೆದುಕೊಂಡಳು. ಬರೆದ ಮೇಲೆ ಇನ್ನೊಂದು ಸಲ ಓದಿಸಿ ಖಾತ್ರಿ ಮಾಡಿಕೊಂಡಳು.