ಅರವತ್ತರಿಂದ ಹತ್ತಕ್ಕೆ

ಹೆಂಡತಿಯ ಮುನಿಸನ್ನು ಸಹಿಸಬಹುದು. ಹೆಂಡತಿಯ ಅಣ್ಣನ ಮುನಿಸನ್ನೂ ಸಹಿಸಬಹುದು. ಆದರೆ ಅಣ್ಣ ಮುನಿಸಿಕೊಂಡಿದ್ದಾನೆ ಅಂತ ಹೆಂಡತಿ ಮುನಿಸಿಕೊಂಡರೆ ಗಂಡಸಾದವನು ಎಲ್ಲಿಗೆ ಹೋಗಬೇಕು, ನೀವೇ ಹೇಳಿ. ನಾನು ಗ್ಯಾರೇಜಿಗೆ ಹೋದೆ.

ನಮ್ಮಲ್ಲಿ ಒಂದು ಹಳೇ ಎಸ್‌ಯುವಿ ಇದೆ. ಮುಳಬಾಗಿಲಿನ ಕಂಟ್ರಾಕ್ಟರೊಬ್ಬರು ವರ್ಷಗಟ್ಟಲೆ ಜಲ್ಲಿ ರಸ್ತೆಗಳಲ್ಲಿ ಓಡಿಸಿ, ಇನ್ನು ಸಾಕಪ್ಪಾ ಅಂದುಕೊಂಡ ಮೇಲೆ ನಾನು ಆಸೆಪಟ್ಟು ತಂದದ್ದು. ಸಕಲ ಗುಣ ಸಂಪನ್ನ ವಾಹನ. ಇದ್ದ ದೋಷ ಒಂದೇ, ಬ್ರೇಕ್ ಒತ್ತಿದರೆ ನಡುಗುತ್ತಿತ್ತು. (ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ ಎಂಬುದನ್ನು ನಾನು ದೋಷದ ಲೆಕ್ಕಕ್ಕೆ ಸೇರಿಸಿಲ್ಲ. ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಆಯಿತು.) ಸ್ಟಿಯರಿಂಗಿಗೆ ಚಳಿಜ್ವರ ಬಂದಂತಾಗಿ, ಅದು ನನ್ನ ಕೈಗೆ ಹತ್ತಿ, ಕೈಯಿಂದ ದವಡೆಗೆ ಏರಿ, ಕೊನೆಗೆ ಹಿಂದಿನ ಸೀಟಿನವರ ಹೊಟ್ಟೆ ಸೇರುತ್ತಿತ್ತು.

ಮೂರು ವರ್ಷದ ಹಿಂದೆ ನನ್ನ ಹೆಂಡತಿ ರಮಾದೇವಿಯ ಅಣ್ಣ, ಗೌನಿಪಲ್ಲಿಯ ಕೋದಂಡರಾಮಪ್ಪನವರು, ಮಗಳು ಚಂದನಳಿಗೆ ಗಂಡಿನ ಮನೆ ನೋಡಲು ಇದೇ ಕಾರಿನಲ್ಲಿ ಹೊರಟರು. ತಮ್ಮ ತೋಟದ ಮಾವಿನಹಣ್ಣಿನ ಸೀಕರಣೆಯನ್ನು ಡಬ್ಬಿ ತುಂಬ ಮಾಡಿಸಿ, ಯಾರನ್ನೂ ನಂಬದೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಗಂಡಿನ ಮನೆಯ ಮುಂದೆ ನಾನು ಬ್ರೇಕ್ ಒತ್ತಿದೆ. ಡಬ್ಬಿಯ ಮುಚ್ಚಳ ನಡುಗಿತು, ಜಾರಿತು, ಸೀಕರಣೆ ಭಾವನ ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನು ಸೊಂಟದಿಂದ ಪಾದದವರೆಗೆ ಅಲಂಕರಿಸಿತು. ಬೀಗರಾಗುವವರು ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಇಷ್ಟನ್ನು ಭಾವ ತಡೆದುಕೊಳ್ಳುತ್ತಿದ್ದರೋ ಏನೋ, ಆದರೆ ನಾನು ನಕ್ಕುಬಿಟ್ಟೆ.

ಸಂಬಂಧ ಕುದುರಿತು, ಮದುವೆಯೂ ಆಯಿತು. ನಮ್ಮಿಬ್ಬರ ಸಂಬಂಧ ಮಾತ್ರ ಅವತ್ತೇ ಕೆಟ್ಟಿತು. "ನಿಮ್ಮನೆ ಹೊಸಿಲು ಇನ್ನು ತುಳಿಯಲ್ಲ ಕಣಮ್ಮ" ಅಂತ ತಂಗಿಗೆ ಹೇಳಿ ಹೋದ ಭಾವ ತುಳಿಯಲೇ ಇಲ್ಲ. ಗೌರಿ ಹಬ್ಬಕ್ಕೆ ತವರಿನ ಬಾಗಿನ ತಪ್ಪದೆ ಬರುತ್ತಿತ್ತು, ಗೌನಿಪಲ್ಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ! ಅವನು "ಮೇಡಂ, ನಿಮ್ಮ ಲಗೇಜು" ಅಂತ ಮೊರ ಕೊಟ್ಟು ಹೋಗುವನು.

"ಕಂಡಕ್ಟರ್ ಏನ್ ನನ್ನ ಅಣ್ಣನೇನ್ರೀ?" ಅಂತ ರಮಾ ಆ ಮೊರ ಹಿಡಿದುಕೊಂಡು ಅಡುಗೆಮನೆಯಲ್ಲಿ ಅಳುತ್ತಿದ್ದಳು. ನಾನು ಎಷ್ಟೇ ತಮಾಷೆ ಮಾಡಲಿ, ಆ ಅಳು ಕೇಳಿದಾಗ ನನಗೆ ಊಟ ಸೇರುತ್ತಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಅಂತ ಉಳಿದವರು ಈ ಅಣ್ಣ ಒಬ್ಬರೇ.

ಈ ವರ್ಷ ಹಬ್ಬ ಹತ್ತಿರ ಬಂದಾಗ ಅವಳು ಅಪ್ಪಣೆ ಹೊರಡಿಸಿದಳು. "ಹಬ್ಬದೊಳಗೆ ಆ ಬ್ರೇಕ್ ಸರಿ ಮಾಡಿಸಿ. ಅದೇ ಕಾರಲ್ಲಿ ಹೋಗಿ ಅಣ್ಣನ್ನ ಕರ್ಕೊಂಡ್ ಬರ್ತೀನಿ. ನಡುಗಿದ್ರೆ ಮಾತ್ರ ನಾನೂ ಅಲ್ಲೇ ಇದ್ಬಿಡ್ತೀನಿ."

ಬ್ರೇಕ್ ಸರಿ ಮಾಡಿಸುವುದು ಅಂದರೆ ಒಂದು ತೀರ್ಥಯಾತ್ರೆ. ಒಬ್ಬ ಅಲೈನ್‌ಮೆಂಟ್ ಅಂದ, ಮಾಡಿಸಿದೆ. ಇನ್ನೊಬ್ಬ ಬ್ಯಾಲೆನ್ಸಿಂಗ್ ಅಂದ, ಮಾಡಿಸಿದೆ. ಕೋಲಾರದಲ್ಲಿ ಚಕ್ರದೊಳಗಿನ ಬ್ರೇಕ್ ಡಿಸ್ಕ್ ಬಿಚ್ಚಿ ಲೇತಿಗೆ ಕೊಟ್ಟು ಮಟ್ಟ ಹೊಡೆಸಿದೆ. ಸ್ವಲ್ಪ ದಿನ ಸಂಭಾವಿತನಂತಿದ್ದು ಮತ್ತೆ ನಡುಗಿತು. ಇನ್ನೊಮ್ಮೆ ಲೇತು, ಇನ್ನೊಮ್ಮೆ ನಡುಕ. ಕೊನೆಗೆ ಸುಸ್ತಾಗಿ ನಮ್ಮೂರು ಶ್ರೀನಿವಾಸಪುರದ ನಂದೀಶನ ಗ್ಯಾರೇಜಿಗೇ ಬಂದು ಬಿದ್ದೆ. ಕೈ ಕೆಲಸಕ್ಕಿಂತ ಬಾಯಿ ಕೆಲಸ ಜಾಸ್ತಿ ಮಾಡುವ ಆಸಾಮಿ.

"ಡಿಸ್ಕ್ ಬೆಂಡಾಗೈತೆ ಸಾರ್. ಲೇತ್ ಕೊಟ್ಟೂ ಕೊಟ್ಟೂ ಹಪ್ಪಳ ಮಾಡಿಟ್ಟವ್ರೆ. ಎರಡೂ ಹೊಸದೇ ಹಾಕ್ಬೇಕು, ಅವನ್ನ ಕಚ್ಚಿ ಹಿಡಿಯೋ ಪ್ಯಾಡೂ ಹೊಸದು."

ಹಾಕಿದ. ಕೀಲಿ ಕೊಡುವ ಮುಂಚೆ ಉಪದೇಶ ಶುರುವಾಯಿತು. "ಈಗಲೇ ಊರೆಲ್ಲ ಓಡಾಡ್ಬೇಡಿ ಸಾರ್. ಡಿಸ್ಕಿಗೂ ಪ್ಯಾಡಿಗೂ ಹೊಂದಾಣಿಕೆ ಆಗ್ಬೇಕು. ಖಾಲಿ ರೋಡಿಗೆ ಹೋಗಿ, ಅರವತ್ತಕ್ಕೆ ಏರ್ಸಿ, ಬ್ರೇಕ್ ಒತ್ತಿ ಹತ್ತಕ್ಕೆ ಇಳ್ಸಿ. ಪೂರ್ತಿ ನಿಲ್ಲಿಸೋ ಹಾಗಿಲ್ಲ! ಮತ್ತೆ ಅರವತ್ತು, ಮತ್ತೆ ಹತ್ತು. ಒಂದಷ್ಟು ಸಲ ಹಿಂಗೇ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ಓಡ್ಸಿ ತಣ್ಣಗೆ ಮಾಡಿ. ಬಿಸಿ ಇದ್ದಾಗ ಬ್ರೇಕ್ ಒತ್ಕೊಂಡು ನಿಂತ್ರೋ, ಪ್ಯಾಡ್ ಅಲ್ಲೇ ಅಚ್ಚೊತ್ತಿ ಮತ್ತೆ ನಡುಕ ಗ್ಯಾರಂಟಿ."

ನಾನು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್. ಪ್ರಯೋಗ ತಪ್ಪಿದ ಹುಡುಗರನ್ನು "ಸೂಚನೆ ಓದೋಕೇನು ರೋಗ?" ಅಂತ ಬಯ್ಯುವುದೇ ನನ್ನ ವೃತ್ತಿ. ಅಂಥವನು ಸೂಚನೆ ಮೀರುವುದುಂಟೆ? ಭಾನುವಾರ ಬೆಳಿಗ್ಗೆ ಗೌನಿಪಲ್ಲಿ ರಸ್ತೆಗೆ ಹೋದೆ. ಎರಡೂ ಕಡೆ ಮಾವಿನ ತೋಪು, ನಡುವೆ ನೇರವಾದ ರಸ್ತೆ. ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ.

ಒಂದು ವಿಷಯ ಮರೆತಿದ್ದೆ. ನಮ್ಮ ಕಡೆ ಯಾರೂ ಸುಮ್ಮಸುಮ್ಮನೆ ಕಾರಿನ ವೇಗ ಇಳಿಸುವುದಿಲ್ಲ. ರಸ್ತೆಬದಿ ನಿಂತವರ ಮುಂದೆ ಕಾರು ನಿಧಾನವಾಯಿತು ಅಂದರೆ "ಬನ್ನಿ, ಹತ್ತಿ" ಅಂತಲೇ ಅರ್ಥ. ನಾನು ಹತ್ತಕ್ಕೆ ಇಳಿಸಿದಾಗ ಹಾಲಿನ ಕ್ಯಾನ್ ಹಿಡಿದ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ನಾನು ಭರ್ರನೆ ಅರವತ್ತಕ್ಕೆ ಏರಿದೆ. ಅವಳು ತೆಲುಗಿನಲ್ಲಿ ಅಂದದ್ದನ್ನು ಇಲ್ಲಿ ಬರೆಯಲಾರೆ. ಮುಂದೆ ನಮ್ಮ ಕಾಲೇಜಿನ ನಿವೃತ್ತ ಮೇಷ್ಟ್ರು ಶ್ರೀರಾಮಪ್ಪನವರು ಛತ್ರಿ ಮಡಿಚಿ ಸಿದ್ಧರಾದರು. ಅವರನ್ನೂ ದಾಟಿದೆ. ವಿಜ್ಞಾನಕ್ಕೆ ಮುಖದಾಕ್ಷಿಣ್ಯ ಇರಬಾರದು.

ಆಮೇಲೆ ಹುಣಸೆಮರದ ಬಸ್ ಸ್ಟಾಪ್. ಬ್ರೇಕ್ ಒತ್ತಿದೆ. ಕಾರು ಒಂಚೂರೂ ನಡುಗದೆ ಬೆಣ್ಣೆಯಂತೆ ಹತ್ತಕ್ಕೆ ಇಳಿಯಿತು. ಸಂತೋಷದಿಂದ ತಲೆ ಎತ್ತಿ ನೋಡುತ್ತೇನೆ, ಎದುರಿಗೆ ಭಾವ! ಕೈಯಲ್ಲಿ ಬ್ಯಾಗು. ಪಕ್ಕದಲ್ಲಿ ಅವರ ಊರಿನ ಹಿರಿಯ ಗಂಗುಲಪ್ಪ.

"ನಿಲ್ಲಿಸೋ ಹಾಗಿಲ್ಲ ಭಾವಾ! ಬಿಸಿ ಇದೆ!" ಅಂತ ಕಿಟಕಿಯಿಂದ ಕೂಗಿ ಹೊರಟುಬಿಟ್ಟೆ.

ತಿರುಗಿಸಿಕೊಂಡು ಬಂದಾಗ, ದೇವರಾಣೆ, ಬೇಗ ದಾಟಿಬಿಡಬೇಕು ಅಂತಲೇ ಇದ್ದೆ. ಆದರೆ ಅರವತ್ತು ಆಗುವುದೂ ಆ ಮರ ಬರುವುದೂ ಸರಿಹೋಗಿತ್ತು. ಮತ್ತೆ ಹತ್ತು. ಭಾವ ಮುಖ ತಿರುಗಿಸಿದರು. ಮತ್ತೆ ಅರವತ್ತು. ಇನ್ನೊಂದು ಸುತ್ತಿನಲ್ಲೂ ಹಾಗೇ ಆಯಿತು.

ಅಲ್ಲಿ ಆ ಹೊತ್ತಿಗೆ ಏನು ನಡೆದಿತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ. ಗಂಗುಲಪ್ಪನವರು ಭಾವನಿಗೆ ಬುದ್ಧಿ ಹೇಳುತ್ತಿದ್ದರಂತೆ. "ನೋಡಪ್ಪಾ ಕೋದಂಡರಾಮ, ಪಾಪ, ಸಿಗ್ಗು ಅವನಿಗೆ, ನಾಚಿಕೆ. ಕ್ಷಮಿಸು ಅನ್ನೋಕೆ ಅಂತ ಬರ್ತಾನೆ, ನಿನ್ ಮುಖ ನೋಡ್ತಿದ್ದಂಗೆ ಧೈರ್ಯ ಸಾಲ್ದೆ ಓಡ್ಹೋಗ್ತಾನೆ. ಇಷ್ಟು ಸಲ ಬಂದವ್ನೆ. ದೊಡ್ಡೋನು ನೀನೇ ಒಂದ್ ಹೆಜ್ಜೆ ಮುಂದಕ್ಕೆ ಇಡಬಾರ್ದಾ?"

ಹಾಗಾಗಿ ನಾನು ಕೊನೆಯ ಸಲ ಶ್ರೀನಿವಾಸಪುರದ ದಿಕ್ಕಿಗೆ ಬಂದು ಹತ್ತಕ್ಕೆ ಇಳಿಸಿದಾಗ ಭಾವ ರಸ್ತೆಗೇ ಬಂದು ನಿಂತಿದ್ದರು. ಮುಖದಲ್ಲಿ ಮುನಿಸು ಅರ್ಧ ಕರಗಿತ್ತು. ಕಾರಿನ ಜೊತೆಗೇ ನಾಲ್ಕು ಹೆಜ್ಜೆ ಹಾಕಿ, ಹಿಂದಿನ ಕಿಟಕಿಯೊಳಗೆ ಬ್ಯಾಗು ಹಾಕಿ, ಬಾಗಿಲಿನ ಹಿಡಿಗೆ ಕೈಯಿಟ್ಟರು. ನಾನು ಕನ್ನಡಿಯಲ್ಲಿ ನೋಡಲಿಲ್ಲ. ಸ್ಪೀಡಿನ ಮುಳ್ಳನ್ನು ನೋಡುತ್ತಿದ್ದೆ. ಹತ್ತು ಬಂತು, ಏರಿಸಿದೆ.

ಬ್ಯಾಗು ಕಾರಿನಲ್ಲಿ, ಭಾವ ರಸ್ತೆಯಲ್ಲಿ.

ಬ್ಯಾಗು ಕಂಡದ್ದು ಒಂದು ಮೈಲಿ ಆದ ಮೇಲೆ. ತಿರುಗಿ ಹೋಗಬಹುದಿತ್ತು ಅಂತೀರಿ. ಆದರೆ ನಾನು ಆಗಲೇ ತಣ್ಣಗೆ ಮಾಡುವ ಘಟ್ಟ ಪ್ರವೇಶಿಸಿದ್ದೆ! ಬ್ರೇಕ್ ಮುಟ್ಟುವಂತಿಲ್ಲ. ಮನೆಗೆ ಹೋಗಿ, ತಣಿಸಿ, ಆಮೇಲೆ ತಂದುಕೊಟ್ಟರಾಯಿತು ಅಂದುಕೊಂಡೆ. ದಾರಿಯಲ್ಲಿ ಕುರಿ ಮಂದೆ ಅಡ್ಡ ಬಂತು, ಟ್ರ್ಯಾಕ್ಟರ್ ಬಂತು, ಊರೊಳಗೆ ಹೆಜ್ಜೆಗೊಂದು ಹಂಪು. ಒತ್ತಿ ಒತ್ತಿ ಮನೆ ತಲುಪುವಷ್ಟರಲ್ಲಿ ಚಕ್ರದಿಂದ ಸೀದ ವಾಸನೆ ಬರುತ್ತಿತ್ತು.

ನಮ್ಮ ಮನೆ ಏರಿನ ಮೇಲಿದೆ. ಗೇಟಿನಲ್ಲಿ ರಮಾ ನಿಂತಿದ್ದಳು, ಕಿವಿಯಲ್ಲಿ ಫೋನು. ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು.

"ಅಣ್ಣ ಎಲ್ರೀ?"

"ಬರ್ತಾರೆ. ಬ್ಯಾಗ್ ಬಂದಿದೆ."

"ಬ್ಯಾಗ್ ಕಸ್ಕೊಂಡು ಮನುಷ್ಯನ್ನ ಬಿಟ್ಟು ಬಂದ್ರಾ? ಮೂರು ವರ್ಷದಿಂದ ದೇವರಿಗೆ ದೀಪ ಹಚ್ಕೊಂಡ್ ಬಂದಿದೀನಿ, ನಮ್ಮಣ್ಣ ತಾನಾಗೇ ನಿಮ್ಮ ಕಾರ್ ಹತ್ತೋಕ್ ಬಂದ್ರೆ..."

"ರಮಾ, ಮೊದ್ಲು ಗೇಟ್ ಬಿಡು. ಬ್ರೇಕ್ ಒತ್ಕೊಂಡು ನಿಲ್ಲೋ ಹಾಗಿಲ್ಲ ಕಣೇ. ಅಚ್ಚೊತ್ತುತ್ತೆ!"

"ಒತ್ಲಿ!"

ಅವಳು ಕದಲಲಿಲ್ಲ. ಕಾಲು ತೆಗೆದರೆ ಕಾರು ಹಿಂದಕ್ಕೆ ಉರುಳಿ ಎದುರು ಮನೆಯ ಚರಂಡಿಗೆ ಹೋಗುತ್ತದೆ. ನಾನು ಒತ್ತಿಕೊಂಡೇ ಕೂತೆ. ಅಷ್ಟರಲ್ಲಿ ಹಿಂದೆ ಆಟೋ ಬಂದು, ಭಾವನನ್ನು ಇಳಿಸಿ ಹೋಯಿತು. ಭಾವ ಕಾರನ್ನು ದಾಟಿ ಬಂದು ಗೇಟಿನ ಆಚೆಯೇ ನಿಂತರು.

"ರಮಾ, ನನ್ ಬ್ಯಾಗ್ ಕೊಡಮ್ಮ. ಡಾಕ್ಟ್ರ ಹತ್ರ ಹೋಗ್ಬೇಕು. ಒಳಕ್ಕೆ ಬರಲ್ಲ."

ರಮಾ ಹಿಂದಿನ ಸೀಟಿನಿಂದ ಬ್ಯಾಗು ತೆಗೆದು ತಡಕಿದಳು. ಮೇಲೆಯೇ ಶುಗರ್ ಮಾತ್ರೆ ಇತ್ತು. "ಹೊತ್ತಾಯ್ತು, ಮೊದ್ಲು ಮಾತ್ರೆ ತಗೋ ಅಣ್ಣ, ಮುಖ ಎಷ್ಟು ಬಾಡಿದೆ" ಅಂತ ಅಂಗೈಗೆ ಒಂದು ಹಾಕಿ, ಓಡಿಹೋಗಿ ಚೊಂಬಲ್ಲಿ ನೀರು ತಂದಳು. ಭಾವ ಸಿಟ್ಟಿನಲ್ಲೇ ನುಂಗಿದರು. ನುಂಗಿದ ಮೇಲೆ ಅವಳು ಅಂದಳು:

"ಅದು ಊಟಕ್ಕೆ ಮುಂಚಿನ ಮಾತ್ರೆ. ಇನ್ನು ಕಾಲು ಗಂಟೇಲಿ ಊಟ ಬೀಳ್ದಿದ್ರೆ ಕೈಕಾಲು ನಡುಕ ಬರ್ತದೆ ಅಂತ ನೀನೇ ಹೇಳ್ತಿದ್ದೆ. ಬಿಸಿ ಮುದ್ದೆ, ಬಸ್ಸಾರು ಆಗಿದೆ. ಒಳಗ್ ಬರ್ತೀಯೋ, ಇಲ್ಲೇ ಬೀಳ್ತೀಯೋ?"

ಭಾವ ತಂಗಿಯನ್ನು ನೋಡಿದರು. ಹೊಸಿಲನ್ನು ನೋಡಿದರು. "ಎಂಥ ಮೋಸಗಾತಿ ಕಣೇ ನೀನು" ಅಂದರು. ಚೊಂಬಿನಲ್ಲಿ ಉಳಿದ ನೀರನ್ನು ಕಾಲಿಗೆ ಸುರಿದುಕೊಂಡರು. ರಮಾ ಅಳುತ್ತಾ ನಗುತ್ತಾ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು, ಗೇಟು ಹಿಂದೆಯೇ ಮುಚ್ಚಿಕೊಂಡಿತು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಾಲು ಬ್ರೇಕಿನ ಮೇಲೆಯೇ ಇತ್ತು.

"ರಮಾ! ಚಕ್ರಕ್ಕೆ ಒಂದು ಕಲ್ಲು!" ಅಂತ ಕೂಗಿದೆ. ಒಳಗೆ ತಟ್ಟೆಯ ಸದ್ದು, ಬಸ್ಸಾರಿನ ಘಮ, ಮೂರು ವರ್ಷದ ಮಾತು ಒಂದೇ ಸಲಕ್ಕೆ. ಚಂದನಳ ಸುದ್ದಿ, ತೋಟದ ಸುದ್ದಿ, ನಡುವೆ ನನ್ನ ಗುಣಗಾನ. ಯಾರಿಗೂ ನಾನು ಕೇಳಿಸಲಿಲ್ಲ. ತೊಡೆ ಮರಗಟ್ಟಿತು. ಕಾರಿನೊಳಗೆ ಕೂತು ಡಿಸ್ಕಿನ ಮೇಲೆ ಪ್ಯಾಡು ಅಚ್ಚೊತ್ತುವುದನ್ನು ಮನಸ್ಸಿನಲ್ಲೇ ಕಾಣುತ್ತಾ, ಕೊಟ್ಟ ಸೂಚನೆಯನ್ನು ನಾನೇ ಮೀರುತ್ತಾ ಇದ್ದೆ.

ಕೊನೆಗೆ ಭಾವ ಹಲ್ಲುಕಡ್ಡಿ ಆಡಿಸುತ್ತಾ ಹೊರಗೆ ಬಂದರು. "ಏನಯ್ಯಾ ಮೂರ್ತಿ, ಹತ್ತೋನಿಗೆ ನಿಲ್ಲಿಸ್ಲಿಲ್ಲ, ಈಗ ನಿಂತ್ಮೇಲೆ ಇಳಿಯೋದೇ ಇಲ್ವಾ?"

"ಹ್ಯಾಂಡ್‌ಬ್ರೇಕ್ ಹಿಡಿಯಲ್ಲ ಭಾವ. ಕಾಲು ತೆಗೆದ್ರೆ ಉರುಳ್ತದೆ."

"ಗೇರಿಗೆ ಹಾಕಿ ಆಫ್ ಮಾಡಿ ಇಳಿಯೋದಲ್ವೇನಯ್ಯಾ?"

ನಾನು ಗೇರಿಗೆ ಹಾಕಿದೆ, ಆಫ್ ಮಾಡಿದೆ, ಕಾಲು ತೆಗೆದೆ. ಕಾರು ಅಲುಗಲಿಲ್ಲ. ಭೌತಶಾಸ್ತ್ರದ ಬಗ್ಗೆ ಆಮೇಲೆ ನಾನು ಮನೆಯಲ್ಲಿ ಮಾತಾಡಿಲ್ಲ.

ಗೌರಿ ಹಬ್ಬಕ್ಕೆ ಭಾವ ತಾವೇ ಬಾಗಿನದ ಮೊರ ಹೊತ್ತು ತಂದರು. ರಮಾ ಅವತ್ತು ಮನೆಯೆಲ್ಲ ಹಾಡಿಕೊಂಡು ಓಡಾಡಿದಳು. ಸಂಜೆ ಅವರನ್ನು ಊರಿಗೆ ಬಿಡಲು ಕಾರು ತೆಗೆದೆ. ಮೊದಲ ಹಂಪಿನಲ್ಲೇ ಸ್ಟಿಯರಿಂಗ್ ಗಡಗಡ ನಡುಗಿತು. ನಾನು ತಪ್ಪೊಪ್ಪಿಕೊಂಡು, ಅರವತ್ತು ಹತ್ತರ ವಿಧಿಯನ್ನು ಇನ್ನೊಮ್ಮೆ ಮಾಡಿದರೆ ಸರಿಹೋದರೂ ಹೋಗಬಹುದು ಅಂದೆ.

"ಮಾಡು, ಅದಕ್ಕೇನು, ನಾನೂ ಜೊತೇಲಿದ್ದೀನಲ್ಲ" ಅಂತ ಭಾವ ಮುಂದಿನ ಸೀಟಿನಲ್ಲಿ ಸರಿಯಾಗಿ ಕೂತರು.

ಅರವತ್ತಕ್ಕೆ ಏರಿಸಿದೆ. ಹತ್ತಕ್ಕೆ ಇಳಿಸಿದೆ. ರಸ್ತೆಬದಿಯಲ್ಲಿ ಅದೇ ಹಾಲಿನ ಕ್ಯಾನಿನ ಹೆಂಗಸು.

"ನಿಲ್ಲಿಸು ನಿಲ್ಲಿಸು, ನಮ್ಮೂರೋಳು!" ಅಂದರು ಭಾವ. ನಿಲ್ಲಿಸಿದೆ. ಮುಂದೆ ಶ್ರೀರಾಮಪ್ಪ ಮೇಷ್ಟ್ರು. "ದೊಡ್ಡೋರು ಕಣಯ್ಯ, ನಿಲ್ಲಿಸು!" ಹುಣಸೆಮರದ ಹತ್ತಿರ ಗಂಗುಲಪ್ಪನವರು ಒಂದು ಮೂಟೆ ಹುರುಳಿಯ ಜೊತೆಗೆ. ನಿಲ್ಲಿಸಿದೆ. ಗೌನಿಪಲ್ಲಿ ಬರುವ ಹೊತ್ತಿಗೆ ಕಾರಿನಲ್ಲಿ ನನಗೇ ಜಾಗ ಕಡಿಮೆಯಾಗಿತ್ತು. ಪ್ರತಿ ಸಲ ನಿಲ್ಲುವಾಗಲೂ ಎಲ್ಲರೂ ಒಟ್ಟಿಗೆ ನಡುಗುತ್ತಿದ್ದೆವು.

ಇಳಿಯುವಾಗ ಭಾವ ನನ್ನ ಭುಜ ತಟ್ಟಿದರು. "ಬ್ರೇಕ್ ಚೆನ್ನಾಗಿ ಹಿಡೀತಾ ಐತೆ ಕಣಯ್ಯ ಮೂರ್ತಿ. ಇನ್ಮೇಲೆ ಪ್ರತಿ ಭಾನುವಾರ ಬಂದ್ಬಿಡು, ನಮ್ಮೂರೋರಿಗೆ ಬಸ್ಸಿನ ತೊಂದರೆ ಬಹಳ."

ಮನೆಗೆ ಬಂದು ಇದನ್ನು ದೂರು ಅಂತಲೇ ಹೇಳಿದೆ. ರಮಾ ಕ್ಯಾಲೆಂಡರಿನ ಭಾನುವಾರಗಳ ಮೇಲೆಲ್ಲ ಕುಂಕುಮದ ಬೊಟ್ಟು ಇಡತೊಡಗಿದಳು.